ಹಾಲೆ ಮರದಲ್ಲಿ ನನ್ನ ಮರುತ್

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ನೋಡೋಕೆ ಬೇಕಾದಷ್ಟು ವಿಮಾನಗಳಿವೆ. ನಾನು ಮೂರು ಸಲ ಹೋಗಿದ್ದು ಮಾತ್ರ ಒಂದಕ್ಕಾಗಿ: ಎಚ್‌ಎಫ್-24 ಮರುತ್. ನಮ್ಮ ದೇಶದಲ್ಲೇ ರೂಪಿಸಿ ತಯಾರಿಸಿದ ಮೊದಲ ಜೆಟ್ ಯುದ್ಧವಿಮಾನ. ಅದನ್ನು ಮರದಲ್ಲಿ ಕೆತ್ತಬೇಕು ಅನ್ನೋದು ನನ್ನ ಬಹುದಿನದ ಆಸೆ.

ಅಳತೆಯ ಲೆಕ್ಕ ಸುಲಭ. ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಐವತ್ತರಲ್ಲಿ ಒಂದು ಪಾಲು ಅಂದರೆ ಸುಮಾರು 32 ಮತ್ತು 18 ಸೆಂಟಿಮೀಟರ್. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದ ತುಂಡು ತಂದೆ.

ಮೊದಲನೆಯದು ಕೆಟ್ಟಿತು. ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊ ಇಟ್ಟುಕೊಂಡು, ಮರದ ಮೇಲೆ ಆಕಾರ ಗುರುತು ಮಾಡೋಕೆ ರಟ್ಟು ಕತ್ತರಿಸಿದ್ದೆ. ಹಾಗೆ ತೆಗೆದರೆ ಮೂಗು ದಪ್ಪ, ಬಾಲ ಸಣ್ಣ ಬರುತ್ತದೆ. ಎರಡನೇ ಸಲ ಆದಷ್ಟು ದೂರ ಸರಿದು, ನೇರ ಪಕ್ಕಕ್ಕೆ ನಿಂತು, ಜೂಮ್ ಮಾಡಿ ತೆಗೆದೆ. ರಟ್ಟು ಸರಿಹೋಯಿತು. ಆದರೂ ಕೆತ್ತಿದ ಮೇಲೆ ಅದು ಮರುತ್ ಅನ್ನಿಸಲಿಲ್ಲ.

ಮೂರನೇ ಸಲ ಹಿಂದಿನಿಂದ ಓರೆಯಾಗಿ ನೋಡಿದಾಗ ಗೊತ್ತಾಯಿತು. ರೆಕ್ಕೆ ಸೇರುವ ಕಡೆ ವಿಮಾನದ ಒಡಲು ಸೊಂಟದ ಹಾಗೆ ಒಳಕ್ಕೆ ಸರಿದಿದೆ! ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಜಾಸ್ತಿಯಾಗುತ್ತದೆ. ರೆಕ್ಕೆ ಇರುವ ಜಾಗದಲ್ಲಿ ಒಡಲನ್ನು ಸಣ್ಣ ಮಾಡಿದರೆ ಆ ತಡೆ ತಗ್ಗುತ್ತದೆ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಮತ್ತು ನಮ್ಮ ಎಂಜಿನಿಯರುಗಳು ಕೂಡಿ ರೂಪಿಸಿದ ಆಕಾರ ಇದು. ಮನೆಗೆ ಬಂದು ಉಳಿ ಬದಿಗಿಟ್ಟೆ, ಬರೀ ಉಪ್ಪುಕಾಗದ ಹಿಡಿದೆ. ನಾಲ್ಕು ಸಲ ಉಜ್ಜೋದು, ಎರಡೂ ಪಕ್ಕಕ್ಕೆ ಹೆಬ್ಬೆರಳು ಆಡಿಸಿ ನೋಡೋದು. ಈ ಬಾಗು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಅದಕ್ಕೇ ಮೂರು ಸಂಜೆ ಹಿಡಿಯಿತು.

ಮರದಲ್ಲಿ ಮಾಡಿದ್ದಕ್ಕೆ ಇನ್ನೊಂದು ಖುಷಿಯೂ ಇದೆ. ಜೆಟ್ ಹಾರುವ ಮೊದಲು ಅದೇ ಆಕಾರದ, ಅದೇ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು, 1959ರಲ್ಲಿ ಹಾರಿಸಿ ನೋಡಿದ್ದರು. ಮರುತ್ ಮೊದಲು ಹಾರಿದ್ದೇ ಮರದಲ್ಲಿ, ಅಲ್ವಾ?

1961ರ ಜೂನ್ 17ರಂದು ಜೆಟ್ ಎಂಜಿನ್ನಿನ ಮರುತ್ತನ್ನು ಮೊದಲು ಮೇಲೇರಿಸಿದವರು ಪೈಲಟ್ ಸುರಂಜನ್ ದಾಸ್. 1970ರ ಜನವರಿಯಲ್ಲಿ ಮರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ದಿನಾ ಎಷ್ಟೋ ಜನ ಓಡಾಡುತ್ತೇವೆ. ಬಣ್ಣ ಬಳಿಯುವ ಮೊದಲು ನನ್ನ ಮರುತ್‌ನ ಹೊಟ್ಟೆಯಡಿ ಪೆನ್ಸಿಲಿನಲ್ಲಿ ಅವರ ಹೆಸರು, ಆ ಜೂನ್ ತಾರೀಖು ಬರೆದೆ. ಅಷ್ಟು ಜಾಗಕ್ಕೆ ಬಣ್ಣ ಹಾಕಿಲ್ಲ.