ಆರ್‌ವಿ-7: ರಿವೆಟ್‌ಗೆ ಮುಂಚಿನ ಕೆಲಸ

ಆರ್‌ವಿ-7 ಎಂಬುದು ನಾವೇ ಜೋಡಿಸಿ ಕಟ್ಟುವ ಸಣ್ಣ ವಿಮಾನ. ವ್ಯಾನ್ಸ್ ಕಂಪನಿಯ ಅದರ ಕಿಟ್‌ನಲ್ಲಿ ತಗಡಿನ ತೂತುಗಳು ಮೊದಲೇ ಪಂಚ್ ಆಗಿ ಬರುತ್ತವೆ. ಆದರೂ ಅವಕ್ಕೆ ನೇರವಾಗಿ ರಿವೆಟ್ ಹಾಕುವ ಹಾಗಿಲ್ಲ. ಹೊರಮೈ ತಗಡು, ರಿಬ್ (ತಗಡಿಗೆ ಆಕಾರ ಕೊಡುವ ಅಡ್ಡಪಟ್ಟಿ), ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಎಲ್ಲವನ್ನೂ ಕ್ಲೀಕೊ (ತೂತಿನಲ್ಲಿ ಕೂರುವ ತಾತ್ಕಾಲಿಕ ಕ್ಲಿಪ್) ಹಾಕಿ ಜೋಡಿಸಿ, ಜೊತೆಗೂಡಿಸಿಯೇ ಕೊನೆಯ ಅಳತೆಗೆ ಕೊರೆಯುತ್ತೇನೆ: 3/32 ಇಂಚಿನ ರಿವೆಟ್‌ಗೆ 40ನೇ ನಂಬರ್ ಬಿಟ್, 1/8ಕ್ಕೆ 30ನೇ ನಂಬರ್. ರೀಮರ್ (ತೂತನ್ನು ನಯವಾಗಿ ಸರಿ ಅಳತೆಗೆ ತರುವ ಬಿಟ್) ಇದ್ದರೆ ಇನ್ನೂ ಒಳ್ಳೆಯದು, ತೂತು ದುಂಡಗೆ ಬರುತ್ತದೆ, ಬರ್ (ಅಂಚಿನಲ್ಲಿ ಏಳುವ ಚೂಪು ಲೋಹದ ಎಳೆ) ಕಡಿಮೆ.

ಬಿಚ್ಚುವ ಮೊದಲು ಎಡ-ಬಲ, ಮೇಲೆ-ಕೆಳಗೆ ಗುರುತು ಹಾಕಿ. ಮಾರ್ಕರ್ ಪೆನ್ ಸಾಕು, ಸೀಸದ ಪೆನ್ಸಿಲ್ ಬೇಡ. ಪೆನ್ಸಿಲ್‌ನ ಗ್ರಾಫೈಟ್ ತಾಗಿದ ಕಡೆ ಅಲ್ಯೂಮಿನಿಯಂ ತುಕ್ಕು ಹಿಡಿದು ಸವೆಯುತ್ತದೆ. (ಪ್ರೈಮರ್‌ಗೆ ಮುಂಚೆ ತೊಳೆಯುವಾಗ ಆ ಗುರುತೂ ಹೋಗುತ್ತದೆ, ಮತ್ತೆ ಬರೆಯಲು ಮರೆಯಬೇಡಿ.)

ಬೇಸರದ ಕೆಲಸ ಇನ್ನು ಮುಂದೆ. ಎರಡು ತಗಡು ಸೇರುವ ಒಂದು ತೂತಿಗೆ ನಾಲ್ಕು ಅಂಚು, ನಾಲ್ಕರಲ್ಲೂ ಬರ್ ತೆಗೆಯಬೇಕು. ನಡುವೆ ಬರ್ ಉಳಿದರೆ ತಗಡುಗಳು ಕೂಡದೆ ಸಂದಿ ಬೀಳುತ್ತದೆ, ಬಡಿದಾಗ ರಿವೆಟ್ ಆ ಸಂದಿಯಲ್ಲೇ ಉಬ್ಬುತ್ತದೆ. ಹಾಗಂತ ಒತ್ತಿ ತಿರುಗಿಸಬಾರದು. ಕೈಯಲ್ಲಿ ಹಿಡಿದ ಕೌಂಟರ್‌ಸಿಂಕ್ ಬಿಟ್ಟನ್ನು (ತೂತಿನ ಬಾಯನ್ನು ಇಳಿಜಾರಾಗಿ ಕೆರೆಯುವ ಬಿಟ್) ಹಗುರವಾಗಿ ಎರಡು ಮೂರು ಸುತ್ತು, ಅಷ್ಟೇ. 0.016 ಇಂಚಿನ ತೆಳು ತಗಡಿನಲ್ಲಿ ಒಂದು ಸುತ್ತು ಹೆಚ್ಚಾದರೂ ಅಂಚು ಬ್ಲೇಡಿನಂತೆ ಚೂಪಾಗಿ ತೂತು ಹಿಗ್ಗುತ್ತದೆ. ಉಗುರು ಎಳೆದು ನೋಡಿ, ತಡೆಯದಿದ್ದರೆ ಆಯಿತು. ತಗಡಿನ ಹೊರ ಅಂಚಿಗೆ ಫೈಲ್, ಆಮೇಲೆ ಸ್ಕಾಚ್-ಬ್ರೈಟ್ ಚಕ್ರ (ಉಜ್ಜಿ ನಯ ಮಾಡುವ ಚಕ್ರ). ಮೂಲೆಯ ಒಂದು ಗೀರೇ ಮುಂದೆ ಬಿರುಕಿಗೆ ಮೊದಲಾಗುತ್ತದೆ.

ಡಿಂಪಲ್ ಮಾಡುವುದು, ಅಂದರೆ ರಿವೆಟ್ ತಲೆ ಸಮವಾಗಿ ಕೂರಲು ತೂತಿನ ಸುತ್ತ ತಗಡನ್ನು ಅಚ್ಚಿನಿಂದ (ಡೈ) ಒತ್ತಿ ತಗ್ಗು ಮಾಡುವುದು, ಇದಾದ ಮೇಲೆಯೇ. ತೂತಿನ ಅಂಚು ಒರಟಿದ್ದರೆ 100 ಡಿಗ್ರಿ ಡೈ ಒತ್ತಿದಾಗ ಹಿಗ್ಗುವ ಲೋಹ ಅಲ್ಲಿಂದಲೇ ಸೀಳುತ್ತದೆ. ಸಿ-ಫ್ರೇಮಿನಲ್ಲಿ (ಡೈಗಳನ್ನು ಹಿಡಿಯುವ ಸಿ ಆಕಾರದ ಚೌಕಟ್ಟು) ಹೊಡೆಯುವ ಮುನ್ನ ಗಂಡು ಡೈನ ತುದಿ ತೂತಿನೊಳಗೆ ಕೂತಿದೆಯೇ ಎಂದು ತಡವಿ ನೋಡಿ. ಕೂರದೆ ಹೊಡೆದರೆ ಪಕ್ಕದಲ್ಲೇ ಇನ್ನೊಂದು ತೂತು, ಎಂಟರ ಆಕಾರ. ಸ್ಪಾರ್ ಫ್ಲ್ಯಾಂಜಿನಂಥ (ಸ್ಪಾರ್‌ನ ಅಂಚುಪಟ್ಟಿ) ದಪ್ಪ ಭಾಗಕ್ಕೆ ಡಿಂಪಲ್ ಆಗದು, ಮೈಕ್ರೋಸ್ಟಾಪ್ ಕೇಜ್ (ಬಿಟ್ ಇಳಿಯುವ ಆಳಕ್ಕೆ ಮಿತಿ ಹಾಕುವ ಸಾಧನ) ಹಾಕಿ ಕೌಂಟರ್‌ಸಿಂಕ್ ಮಾಡಬೇಕು. ಅದರಲ್ಲಿ ಕೂರುವುದು ಬರೀ ರಿವೆಟ್ ತಲೆಯಲ್ಲ, ತಗಡಿನ ಡಿಂಪಲ್. ಹಾಗಾಗಿ ರಿವೆಟ್ ತಲೆ ಸಮವಾಗುವ ಆಳಕ್ಕಿಂತ ಸುಮಾರು 0.007 ಇಂಚು ಹೆಚ್ಚು ಇಳಿಸುತ್ತೇನೆ. ಮೊದಲು ಅದೇ ದಪ್ಪದ ಚೂರಿನ ಮೇಲೆ ಮಾಡಿ, ಡಿಂಪಲ್ ಮಾಡಿದ ಇನ್ನೊಂದು ಚೂರನ್ನು ಕೂರಿಸಿ ನೋಡಿದರೆ ಆಳ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಉಜ್ಜಿ, ಜಿಡ್ಡು ತೊಳೆದು, ಪ್ರೈಮರ್ ತೆಳ್ಳಗೆ ಒಂದು ಕೋಟ್.