ನಾಯಕರ ಹೇಳಿಕೆಯನ್ನು ಕೊನೆಯಿಂದ ಓದಿ

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು ರಾಜಕಾರಣಿಗಳಿಗೆ ಬಾಯಿತಪ್ಪಿ ಆಗುವ ಕೆಲಸವಲ್ಲ. ಖಚಿತವಾಗಿ ಹೇಳಿದರೆ ಒಂದು ಗುಂಪು ಮುನಿಯುತ್ತದೆ, ನಾಳೆ ಅದೇ ಮಾತು ಕೊರಳಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ ಬೇಕಾದದ್ದೇ ಕೇಳಿಸುವ, ಯಾರ ಹಿಡಿತಕ್ಕೂ ಸಿಗದ ವಾಕ್ಯ ತಯಾರಾಗುತ್ತದೆ. ಅದನ್ನು ಬಿಡಿಸಿ ನೋಡುವ ಕ್ರಮ ಹೀಗಿದೆ.

ಮೊದಲು ಮೂಲ ಮಾತು ಹುಡುಕಿ. 'ಪರಿಶೀಲಿಸುತ್ತೇವೆ' ಎಂದದ್ದು ಸುದ್ದಿಯ ತಲೆಬರಹದಲ್ಲಿ 'ಭರವಸೆ' ಆಗಿರುತ್ತದೆ, ಸಂಜೆಯ ಚರ್ಚೆಯಲ್ಲಿ 'ಘೋಷಣೆ'. ವಿಡಿಯೊ ಅಥವಾ ಅಧಿಕೃತ ಪ್ರಕಟಣೆ ನೋಡಿ, ವಾಕ್ಯವನ್ನು ಇದ್ದಂತೆಯೇ ಬರೆದುಕೊಳ್ಳಿ.

ನಂತರ ಅದನ್ನು ಕೊನೆಯಿಂದ ಓದಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ತುದಿಯಲ್ಲಿರುತ್ತದೆ. ಈ ಮಾದರಿ ನೋಡಿ:

'ಸಂತ್ರಸ್ತರಿಗೆ ಸೂಕ್ತ ಪರಿಹಾರ ಒದಗಿಸುವ ನಿಟ್ಟಿನಲ್ಲಿ ಅಗತ್ಯ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚನೆ ನೀಡಲಾಗಿದೆ.'

ನಡೆದಿರುವ ಕೆಲಸ 'ಸೂಚನೆ' ಅಷ್ಟೇ. ಪರಿಹಾರ ಕೊಟ್ಟಿಲ್ಲ, ಕೊಡುತ್ತೇವೆಂದೂ ಹೇಳಿಲ್ಲ. ಕೊಡುವ 'ನಿಟ್ಟಿನಲ್ಲಿ' ಏನನ್ನೋ ಮಾಡಿ ಎಂದು ಯಾರಿಗೋ ತಿಳಿಸಲಾಗಿದೆ. 'ಸೂಕ್ತ', 'ಅಗತ್ಯ' ಎರಡನ್ನೂ ಹೊಡೆದುಹಾಕಿ; ಅರ್ಥದಲ್ಲಿ ಎಳ್ಳಷ್ಟೂ ಕಡಿಮೆಯಾಗದು. ಎಷ್ಟು, ಯಾವಾಗ, ಯಾವ ಬಾಬ್ತಿನ ಹಣದಿಂದ ಎಂಬುದಕ್ಕೆ ಇಡೀ ವಾಕ್ಯದಲ್ಲಿ ಉತ್ತರವಿಲ್ಲ.

ಮೂರನೆಯದು, ಮಾಡಿದವರ ಹುಡುಕಾಟ. '-ಲಾಗಿದೆ', '-ಲಾಗುವುದು' ಎಂಬ ರೂಪಗಳು ಕರ್ತೃವನ್ನು ಮರೆಗೆ ಸರಿಸುತ್ತವೆ. 'ಲೋಪವಾಗಿದೆ' ಎಂಬುದು ಇನ್ನೂ ಸಲೀಸು, ಲೋಪ ತಾನಾಗಿಯೇ ಆದಂತೆ! ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರ ಜನವರಿಯ ಭಾಷಣದಲ್ಲಿ ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ವ್ಯವಹಾರದ ಹೊಣೆ ತಮ್ಮದೆಂದರು. ಆದರೆ 'ಗಂಭೀರ ತಪ್ಪುಗಳಾದವು' ಎಂದಾಗ ತಪ್ಪು ಮಾಡಿದವರು ಯಾರೆಂಬುದು ಆ ಮಾತಿನಲ್ಲಿರಲಿಲ್ಲ. 'ನಾವು' ಎಂಬುದನ್ನೂ ಪ್ರಶ್ನಿಸಿ: ಪಕ್ಷವೋ, ಸರ್ಕಾರವೋ, ಕೇಳುತ್ತಿರುವ ಜನರೂ ಸೇರಿಯೋ?

ಮುಂದೆ, ಮಾತನ್ನು ತಿರುವಿಹಾಕಿ. 'ಅಭಿವೃದ್ಧಿಗೆ ಬದ್ಧ' ಎಂಬುದರ ವಿರುದ್ಧವನ್ನು ಯಾವ ನಾಯಕರೂ ವೇದಿಕೆಯಲ್ಲಿ ಹೇಳಲಾರರು. ಹಾಗಿದ್ದರೆ ಅದು ನಿಲುವಲ್ಲ, ಅಲಂಕಾರ. ಅಂಕಿಗಳಿಗೂ ಇಂಥದೇ ತಪಾಸಣೆ ಬೇಕು: 'ಶೇ 50ರವರೆಗೆ ರಿಯಾಯಿತಿ'ಯಲ್ಲಿ ಶೇ 1 ಕೂಡ ಸೇರಿದೆ, 'ದುಪ್ಪಟ್ಟು' ಎಂದರೆ ಯಾವ ವರ್ಷಕ್ಕೆ ಹೋಲಿಸಿ?

ಇಲ್ಲಿ ಎಡವುವುದು ಎರಡು ಕಡೆ. ಒಂದು, ಖಾಲಿ ಜಾಗವನ್ನು ನಮ್ಮ ಆಸೆಯಿಂದ ತುಂಬಿಕೊಳ್ಳುತ್ತೇವೆ. ಹಾರಿಕೆ ಮಾತಿನ ಬಂಡವಾಳವೇ ಇದು. ಇನ್ನೊಂದು, ಅಸ್ಪಷ್ಟವಾದದ್ದೆಲ್ಲ ವಂಚನೆ ಎಂದುಕೊಳ್ಳುತ್ತೇವೆ. ಸಂಧಾನ ನಡೆಯುತ್ತಿರುವಾಗ, ಪ್ರಕರಣ ನ್ಯಾಯಾಲಯದಲ್ಲಿರುವಾಗ ಬಾಯಿ ಬಿಗಿಹಿಡಿಯಲು ಕಾರಣವಿರುತ್ತದೆ. ಅಂಥ ಕಡೆ 'ಯಾವಾಗ ಹೇಳುತ್ತೀರಿ?' ಎಂದು ಕೇಳಿದರೆ ಸಾಕು. ಅದಕ್ಕೂ 'ಸಕಾಲದಲ್ಲಿ' ಎಂಬ ಉತ್ತರ ಬಂದರೆ ಅನುಮಾನಪಡಬಹುದು.

ಪ್ರಶ್ನೆ ಕೇಳುವ ಅವಕಾಶ ಸಿಕ್ಕರೆ, ಆಗಿಹೋದ ಸಂಗತಿಗೆ 'ಹೌದು' ಅಥವಾ 'ಇಲ್ಲ' ಎನ್ನಲೇಬೇಕಾದ ಪ್ರಶ್ನೆಯನ್ನೇ ಹಾಕಿ. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್, ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕೆಲ್ ಹೋವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹತ್ತಾರು ಸಲ ಹಾಕಿದರು: ಕಾರಾಗೃಹ ಮುಖ್ಯಸ್ಥರ ನಿರ್ಧಾರ ತಳ್ಳಿಹಾಕುವುದಾಗಿ ಬೆದರಿಸಿದ್ದಿರಾ? ನೇರ ಉತ್ತರ ಬರಲಿಲ್ಲ, ನುಣುಚಿಕೊಂಡದ್ದು ಮಾತ್ರ ಎಲ್ಲರಿಗೂ ಕಂಡಿತು. ಮುಂದಾಗಬೇಕಾದ ಕೆಲಸಕ್ಕೆ ಈ ಪಟ್ಟು ನಡೆಯದು. 'ಕ್ರಮ ಆಗುತ್ತದೆಯೇ?' ಎಂದರೆ 'ಖಂಡಿತ' ಎಂದು ಮುಗಿಸಿಬಿಡುತ್ತಾರೆ. ಅಲ್ಲಿ ಆದೇಶದ ಸಂಖ್ಯೆ, ದಿನಾಂಕ, ಬಿಡುಗಡೆಯಾದ ಮೊತ್ತ ಕೇಳಿ.