ಡಿಕ್ಕಿ ತಪ್ಪಿಸಬಹುದಿತ್ತೇ? ನಾನು ನೋಡುವ ರೀತಿ

ದಾವಣಗೆರೆಯಲ್ಲಿ ಪಾರ್ಸೆಲ್ ಗಾಡಿಗಳ ಉಸ್ತುವಾರಿ ನನ್ನ ಕೆಲಸ. ಗಾಡಿ ಎಲ್ಲಾದರೂ ಗುದ್ದಿದರೆ, ಡ್ರೈವರ್ ಅದನ್ನು ತಪ್ಪಿಸಬಹುದಿತ್ತೋ ಇಲ್ಲವೋ ಎಂದು ಬರೆದುಕೊಡಬೇಕಾದವನು ನಾನೇ. ಆ ಒಂದು ಸಾಲಿನ ಮೇಲೆ ಅವನ ಇನ್ಸೆಂಟಿವ್ ನಿಂತಿರುತ್ತದೆ, ಕೆಲವು ಸಲ ಕೆಲಸವೇ ನಿಂತಿರುತ್ತದೆ. ಹಾಗಾಗಿ ಆಫೀಸಿನಲ್ಲಿ ಕೂತು ಒಡೆದ ಬಂಪರಿನ ಫೋಟೋ ನೋಡಿ ತೀರ್ಪು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಷ್ಟ ದೊಡ್ಡದಾದ ಮಾತ್ರಕ್ಕೆ ಡ್ರೈವರನ ಪಾಲು ದೊಡ್ಡದಾಗುವುದಿಲ್ಲ.

ಪೊಲೀಸರದು, ಕೋರ್ಟಿನದು ಬೇರೆ ಲೆಕ್ಕ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಡ್ರೈವರನ ಹೊಣೆ. ಅದೆಲ್ಲ ಮೊದಲು. ಯಾರ ತಪ್ಪು ಎಷ್ಟು ಪಾಲು ಎಂಬುದನ್ನು ಅಪಘಾತ ಪರಿಹಾರದ ಟ್ರಿಬ್ಯೂನಲ್ ಹೇಳಲಿ. ಎದುರಿನವನದೇ ಪೂರಾ ತಪ್ಪಿದ್ದರೂ ನಮ್ಮ ಹುಡುಗನಿಗೆ ತಪ್ಪಿಸಿಕೊಳ್ಳುವ ದಾರಿ ಇತ್ತಾ? ನಾನು ಹುಡುಕುವುದು ಇಷ್ಟನ್ನೇ.

‘ಏನಾಯ್ತಪ್ಪಾ’ ಎಂದು ಕೇಳಿದರೆ ‘ಅವ್ನೇ ಅಡ್ಡ ಬಂದ ಸರ’ ಎಂಬ ಉತ್ತರ ಬರುತ್ತದೆ. ಅದು ನಿಜವೂ ಇರಬಹುದು, ಆದರೆ ನನಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ: ‘ಮೊದ್ಲು ಕಣ್ಣಿಗೆ ಬಿದ್ದಿದ್ದೇನು? ಆಗ ನಿನ್ ಕಾಲು ಎಲ್ಲಿತ್ತು?’

ವಿದ್ಯಾನಗರದಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೆ ನಮ್ಮ ವ್ಯಾನೊಂದಕ್ಕೆ ಬೈಕು ಸಿಕ್ಕಿತು. ಸಾಲಾಗಿ ನಿಂತ ಆಟೋಗಳ ನಡುವಿನಿಂದ ಬೈಕಿನವನು ನುಗ್ಗಿದ್ದ. ಪುಣ್ಯಕ್ಕೆ ಕಾಲಿಗಷ್ಟೇ ಪೆಟ್ಟು. ನಮ್ಮ ಹುಡುಗ ಹೇಳಿದ: ‘ಆಟೋ ಸಾಲು ಮೊದ್ಲೇ ಕಂಡಿತ್ತು ಸರ, ಕಾಲು ಎಕ್ಸಲೇಟರ್ ಮ್ಯಾಲೇ ಇತ್ತು.’ ಮಾರನೇ ದಿನ ಅದೇ ಹೊತ್ತಿಗೆ ಅಂಥದ್ದೇ ವ್ಯಾನ್ ಒಯ್ದೆ. ಡ್ರೈವರ್ ಸೀಟಿನಲ್ಲಿ ನಾನು ಕೂತೆ, ಇನ್ನೊಬ್ಬನನ್ನು ಬೈಕಿನ ಸಮೇತ ಆಟೋಗಳ ಸಂದಿಯಲ್ಲಿ ನಿಲ್ಲಿಸಿದೆ. ಗಾಡಿಯನ್ನು ನಿಧಾನವಾಗಿ ಹಿಂದೆ ಮುಂದೆ ಮಾಡುತ್ತ, ಬೈಕಿನ ಮುಂದಿನ ಚಕ್ರ ಮೊದಲು ಕಂಡ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಸಿ, ಅಲ್ಲಿಂದ ಡಿಕ್ಕಿಯಾದ ಜಾಗದವರೆಗೆ ಟೇಪು ಹಿಡಿದೆವು. 27 ಮೀಟರ್. ಹಿಂದಿನ ದಿನದ ಜಿಪಿಎಸ್‌ನಲ್ಲಿ ಆ ಕ್ಷಣದ ವೇಗ ಗಂಟೆಗೆ 50 ಕಿಲೋಮೀಟರ್.

ಲೆಕ್ಕ ಹೀಗೆ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿಯುತ್ತೇನೆ. 50ರ ವೇಗದಲ್ಲಿ ಅಷ್ಟರೊಳಗೇ ಗಾಡಿ 21 ಮೀಟರ್ ಹೋಗಿರುತ್ತದೆ. ಲೋಡ್ ಇರುವ ವ್ಯಾನ್ ಒಣ ಟಾರಿನ ಮೇಲೆ ನಿಲ್ಲಲು ಇನ್ನೂ 16 ಮೀಟರ್ ಬೇಕು. 40ರಲ್ಲಿದ್ದಿದ್ದರೆ ಅದೇ ಗಾಡಿ 27 ಮೀಟರಿಗೆ ನಿಲ್ಲುತ್ತಿತ್ತು, ಬೈಕಿಗೆ ಮುಟ್ಟಿಯೂ ಮುಟ್ಟದ ಹಾಗೆ. 50ರಲ್ಲಿ ಹೋದ ಗಾಡಿ ಅದೇ ಜಾಗ ತಲುಪಿದಾಗ ಇನ್ನೂ ಹತ್ತಿರ ಹತ್ತಿರ 40ರ ವೇಗದಲ್ಲೇ ಇರುತ್ತದೆ. ಹತ್ತು ಕಿಲೋಮೀಟರ್ ವೇಗಕ್ಕೆ ಇಷ್ಟು ಬೆಲೆ ಎಂದು ಹುಡುಗರಿಗೆ ಬರೀ ಬಾಯಲ್ಲಿ ಹೇಳಿದರೆ ನಾಟುವುದಿಲ್ಲ; ಗೆರೆಯ ಪಕ್ಕದಲ್ಲಿ ನಿಲ್ಲಿಸಿ ತೋರಿಸಬೇಕು. ಶಾಲೆ ಬಿಡುವ ಹೊತ್ತು, ಆಟೋ ಸಾಲು: ಕಾಲು ಬ್ರೇಕಿನ ಮೇಲೆ ಬರಬೇಕಾಗಿದ್ದು ಅಲ್ಲೇ, ಬೈಕ್ ಕಂಡಾಗಲ್ಲ. ‘ತಪ್ಪಿಸಬಹುದಿತ್ತು’ ಎಂದು ಬರೆದೆ.

ಟೇಪು 12 ಮೀಟರ್ ತೋರಿಸಿದ್ದರೆ ನನ್ನ ಮಾತು ಬೇರೆಯೇ ಇರುತ್ತಿತ್ತು. 30ರಲ್ಲಿ ಹೋಗುವವನಿಗೂ ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಕೆಲವಕ್ಕೆ ಟೇಪೂ ಬೇಡ. ಗಾಂಧಿ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತ ಗಾಡಿಗೆ ಹಿಂದಿನಿಂದ ಗುದ್ದಿದರೆ ಡ್ರೈವರ್ ಏನು ಮಾಡಿಯಾನು? ಮಂಡಿಪೇಟೆ ಓಣಿಯಲ್ಲಿ ರಿವರ್ಸ್ ತೆಗೆಯುವಾಗ ತಾಗಿದ್ದು ಮಾತ್ರ ಬಹುಮಟ್ಟಿಗೆ ನಮ್ಮದೇ. ಇಳಿದು ಹಿಂದೆ ನೋಡಿ ಬರಲು ಅರ್ಧ ನಿಮಿಷ ಸಾಕು.

ಕಷ್ಟದವು ಹಳ್ಳಿ ರೂಟಿನವು. ಮೆಕ್ಕೆಜೋಳದ ಸುಗ್ಗಿಯಲ್ಲಿ ರೈತರು ಕಾಳನ್ನು ರಸ್ತೆಯಲ್ಲೇ ಹರವಿ ಸುತ್ತ ಕಲ್ಲಿಡುತ್ತಾರೆ, ರಾತ್ರಿ ತಾಡಪಾಲು ಹೊದಿಸುತ್ತಾರೆ. ಕಪ್ಪು ತಾಡಪಾಲು ಕತ್ತಲಲ್ಲಿ ರಸ್ತೆಯ ಹಾಗೇ ಕಾಣುತ್ತದೆ. ಡಿಮ್ ಲೈಟಿನಲ್ಲಿ 40 ಮೀಟರ್ ಕಂಡರೆ ಅದೇ ಹೆಚ್ಚು. 60ರ ವೇಗದಲ್ಲಿ ನಿಲ್ಲಲು 48 ಮೀಟರ್ ಬೇಕು. ರಸ್ತೆಗೆ ಕಲ್ಲಿಡುವುದು ತಪ್ಪು, ನಿಜ. ಆದರೆ ಸುಗ್ಗಿ ಕಾಲದಲ್ಲಿ ಅದೇ ರೂಟಿಗೆ ದಿನಾ ಹೋಗುವವನಿಗೆ ಕಲ್ಲು ಇರುತ್ತದೆಂದು ಗೊತ್ತಿರುತ್ತದೆ. ಹೊಸಬನಿಗೆ ಗೊತ್ತಿರುವುದಿಲ್ಲ, ಅವನಿಗೆ ಹೇಳಿ ಕಳಿಸಬೇಕಾದವರು ನಾವು. ಇಬ್ಬರಿಗೂ ಒಂದೇ ತೀರ್ಪು ಬರೆಯಲು ನನಗೆ ಆಗುವುದಿಲ್ಲ.

ಆದ್ದರಿಂದ ನನ್ನ ಹಾಳೆಯಲ್ಲಿ ಡ್ರೈವರನ ಸಾಲಿನ ಕೆಳಗೆ ಕಂಪನಿಗೂ ಒಂದು ಸಾಲಿದೆ: ಅವತ್ತು ಎಷ್ಟು ಪಾರ್ಸೆಲ್ ಕೊಟ್ಟಿದ್ದರು, ಗಾಡಿ ಎಷ್ಟು ಹೊತ್ತಿಗೆ ಹೊರಬಿತ್ತು, ಟೈರು ಬ್ರೇಕು ಹೇಗಿದ್ದವು. ವಿದ್ಯಾನಗರದ ಹುಡುಗನ ಲೋಡ್ ಅವತ್ತು ಬೆಳಗ್ಗೆ ತಡವಾಗಿ ಬಂದಿತ್ತು, ಲಿಸ್ಟ್ ಮಾತ್ರ ಒಂದೂ ಕಡಿಮೆಯಾಗಿರಲಿಲ್ಲ. ಅದನ್ನೂ ಬರೆದು, ಅವನಿಗೆ ಓದಿ ಹೇಳಿ, ಸಹಿ ಹಾಕಿಸಿ ಮೇಲಕ್ಕೆ ಕಳಿಸಿದೆ. ಈಗ ಲೋಡ್ ತಡವಾದ ದಿನ ಶಾಲೆ ಇರುವ ಬೀದಿಗಳ ಪಾರ್ಸೆಲ್ ಸಂಜೆ ಐದರ ಮೇಲೆ ಹೋಗುತ್ತವೆ.